ಗಾಳಿ ಎತ್ತ ಬೀಸುತ್ತಿತ್ತು

ಸಿಂದಗಿ ಹೊರಗಿನ ಒಂದು ವಾಟರ್ ಪಾರ್ಕಿನಲ್ಲಿ ನಾನು ಎರಡು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದೆ. ಹೆಸರಿಗೆ ಅಧಿಕಾರಿ. ಕೈಯಲ್ಲಿದ್ದದ್ದು ಒಂದು ವಾಕಿಟಾಕಿ ಮತ್ತು ಒಂದು ರಿಜಿಸ್ಟರು. ಮೊದಲು ಇಂಡಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಇದೇ ಕೆಲಸ ಮಾಡಿದ್ದರಿಂದ ಪಾರ್ಕಿನ ಮಾಲೀಕರು ಹೆಚ್ಚು ಕೇಳದೆ ನನ್ನನ್ನು ಇಟ್ಟುಕೊಂಡರು.

ಕೊಳದ ನೀರು ಶುದ್ಧ ಮಾಡುವ ಕ್ಲೋರಿನ್ ಸಿಲಿಂಡರುಗಳ ಕೋಣೆ ಪಾರ್ಕಿನ ಪಡುವಣ ಮೂಲೆಯಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಹೂವಿನ ಹಿಪ್ಪರಗಿಯವರು, ಐವತ್ತು ದಾಟಿದವರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದೆವು. ಆ ಕೋಣೆಯ ಹೊರಗೋಡೆಗೆ ಎರಡು ಗ್ಯಾಸ್ ಮಾಸ್ಕ್ ತೂಗುಹಾಕಿರುತ್ತಿದ್ದವು. ಒಮ್ಮೆ ತಪಾಸಣೆಗೆ ಅಧಿಕಾರಿಗಳು ಬರುತ್ತಾರೆಂದು ಗೊತ್ತಾದಾಗ ನಾನೇ ಅವನ್ನು ಒರೆಸಿ ತಂದು ಆಫೀಸಿನ ಗಾಜಿನ ಕಪಾಟಿನಲ್ಲಿ, ಪ್ರಥಮ ಚಿಕಿತ್ಸೆಯ ಡಬ್ಬಿಯ ಪಕ್ಕ ಚೆಂದವಾಗಿ ಇಟ್ಟೆ. ತಪಾಸಣೆ ಮುಗಿಯಿತು. ಮಾಸ್ಕ್ ಅಲ್ಲೇ ಉಳಿದವು. ಕಾಕಾ ಎರಡು ಸಲ ನೆನಪಿಸಿದರು. "ನಾಳಿ ಇಡೂಣ್ರಿ" ಅಂದೆ, ಎರಡು ಸಲವೂ.

ತುರ್ತು ಸಮಯದಲ್ಲಿ ಜನ ಸೇರಬೇಕಾದ ಜಾಗವನ್ನು ಗೊತ್ತು ಮಾಡಿದವನೂ ನಾನೇ. ಮೂಡಣ ದಿಕ್ಕಿಗೆ, ಬಸ್ಸು ನಿಲ್ಲುವ ತಗ್ಗಿನಲ್ಲಿ ಬೇವಿನ ಮರಗಳ ನೆರಳಿತ್ತು. ಅಲ್ಲೇ ಹಸಿರು ಬೋರ್ಡು ನಿಲ್ಲಿಸಿದೆ. ಪ್ರತಿ ತಿಂಗಳು ಅಣಕು ಕಾರ್ಯಾಚರಣೆ ನಡೆಯಿತೆಂದು ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡುತ್ತಿದ್ದೆ. ನಿಜಕ್ಕೂ ನಡೆದದ್ದು ಒಂದೇ ಸಲ, ಅದೂ ಅರ್ಧಕ್ಕೆ ನಿಂತಿತ್ತು.

ಅದು ಮೇ ತಿಂಗಳು. ಮುದ್ದೇಬಿಹಾಳದಿಂದ ಬೇಸಿಗೆ ಶಿಬಿರದ ಹುಡುಗಿಯರು ಎರಡು ಬಸ್ಸಿನಲ್ಲಿ ಬಂದಿದ್ದರು. ಜೊತೆಗೆ ಒಬ್ಬರೇ ಟೀಚರು. ಮಧ್ಯಾಹ್ನ ಊಟಕ್ಕೆ ಸ್ವಲ್ಪ ಮೊದಲು ವಾಕಿಟಾಕಿಯಲ್ಲಿ ಕಾಕಾನ ದನಿ ಬಂತು.

"ಸಾಹೇಬ್ರ, ಸಿಲಿಂಡರ್ ಬಾಯಿ ಸೋರಾಕತ್ತೈತಿ. ಹೊರಗ ನಿಂತೇನಿ, ಕಣ್ಣು ಉರ್ಯಾಕತ್ತಾವ. ಮಾಸ್ಕ್ ಕಳಸ್ರಿ."

ಮೈಕಿನಲ್ಲಿ ಎಲ್ಲರೂ ನೀರಿನಿಂದ ಹೊರಬಂದು ಹಸಿರು ಬೋರ್ಡಿನ ಹತ್ತಿರ ಸೇರಬೇಕೆಂದು ಕೂಗಿದೆ. ಆಫೀಸಿಗೆ ಓಡಿದೆ. ಕಪಾಟಿಗೆ ಬೀಗ. ಕೀಲಿ ಎಲ್ಲಿದೆಯೆಂದು ಹುಡುಕುವಷ್ಟು ಹೊತ್ತಿರಲಿಲ್ಲ. ಸ್ಟೂಲಿನಿಂದ ಗಾಜು ಒಡೆದು ಎರಡೂ ಮಾಸ್ಕ್ ಎಳೆದುಕೊಂಡೆ. ಅಂಗೈ ಕೊಯ್ದದ್ದು ಆಮೇಲೆ ಗೊತ್ತಾಯಿತು.

ಹೊರಗೆ ಬಂದಾಗ ಹುಡುಗಿಯರೆಲ್ಲ ಬೇವಿನ ಮರದ ಕೆಳಗೆ ಸಾಲಾಗಿ ನಿಂತಿದ್ದರು, ಒದ್ದೆ ಬಟ್ಟೆಯಲ್ಲೇ. ನಾನು ಹೇಳಿದ ಹಾಗೆಯೇ ಮಾಡಿದ್ದರು. ಹಿಂದಿನ ಸಾಲಿನವರು ಕೆಮ್ಮತೊಡಗಿದ್ದರು. ಬಾಡಿಗೆಗೆ ಕೊಡುವ ಈಜುಡುಗೆಗಳನ್ನು ತಂತಿಯ ಮೇಲೆ ಒಣಹಾಕಿದ್ದರು. ಅಷ್ಟೂ ಬಟ್ಟೆಗಳು ಮರದ ಕಡೆಗೇ ಹಾರುತ್ತಿದ್ದವು. ಬೇಸಿಗೆಯಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದ ಬರುತ್ತದೆ. ಇಲ್ಲೇ ಹುಟ್ಟಿ ಬೆಳೆದವನಿಗೆ ಅದು ಗೊತ್ತಿರಲಿಲ್ಲವೇ? ಕ್ಲೋರಿನ್ ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಹೋಗುತ್ತದೆಂದು ಕಾರ್ಖಾನೆಯಲ್ಲಿ ನಾನೇ ಬೇರೆಯವರಿಗೆ ಪಾಠ ಹೇಳಿದ್ದೆ.

ಟೀಚರು ಸೆರಗಿನಿಂದ ಒಂದು ಹುಡುಗಿಯ ಮೂಗು ಮುಚ್ಚಿ ನನ್ನ ಕಡೆ ನೋಡಿದರು. "ಎತ್ತಾಗ ಹೋಗೂಣ್ರಿ ಸರ್? ಲಗೂನ ಹೇಳ್ರಿ."

ನನ್ನ ಕೈಯಲ್ಲಿ ಮಾಸ್ಕ್ ಇದ್ದವು. ಆ ಮೂಲೆಯಲ್ಲಿ ಕಾಕಾ ಕಾಯುತ್ತಿದ್ದರು. ವಾಕಿಟಾಕಿ ಒತ್ತಿದೆ. "ಕಾಕಾ, ಅದನ್ನ ಬಿಟ್ಟು ದೂರ ಬರ್ರಿ. ನಾ ಬರೂದು ತಡ ಆಗತೈತಿ."

"ಬಿಟ್ರ ಹುಡುಗ್ಯಾರ ಮ್ಯಾಲ ಹೋಗತೈತ್ರಿ," ಅಂದರು. "ಟಾವೆಲ್ ತೊಯ್ಸೇನಿ. ನೀವು ಅವರನ್ನ ನೋಡ್ರಿ."

ವಾಕಿಟಾಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನಾನು ಕಾಕಾನ ಕಡೆ ಓಡಲಿಲ್ಲ. ಹುಡುಗಿಯರನ್ನು ಬಡಗಣ ದಿಕ್ಕಿಗೆ, ದಿಬ್ಬದ ಕಡೆ ತಿರುಗಿಸಿದೆ. ಅಲ್ಲಿ ಗೇಟಿಲ್ಲ, ಮುಳ್ಳುಬೇಲಿ. ಬೇಲಿಯಾಚೆ ಪಕ್ಕದ ಊರು ಕನ್ನೊಳ್ಳಿಯ ಒಬ್ಬ ಹೆಂಗಸು ಆಡು ಮೇಯಿಸುತ್ತಿದ್ದಳು. ಏನಾಗಿದೆಯೆಂದು ಅವಳು ಕೇಳಲಿಲ್ಲ. ಕೈಯಲ್ಲಿದ್ದ ಕುಡುಗೋಲಿನಿಂದ ಜಾಲಿಮುಳ್ಳು ಎಳೆದು ಒಗೆದು ದಾರಿ ಮಾಡಿದಳು. "ಬರ್ರಿ ಯವ್ವಾ, ತೆಳಗ ನೋಡಿ ಬರ್ರಿ," ಅನ್ನುತ್ತ ಒಬ್ಬೊಬ್ಬರ ರಟ್ಟೆ ಹಿಡಿದು ದಾಟಿಸಿದಳು. ಬರಿಗಾಲಿನ ಹುಡುಗಿಯರು ಅಳುತ್ತ, ಕೆಮ್ಮುತ್ತ ದಿಬ್ಬ ಹತ್ತಿದರು. ಟೀಚರು ಎಣಿಸಿದರು. ಮತ್ತೊಮ್ಮೆ ಎಣಿಸಿ, "ಎಲ್ಲಾರೂ ಅದಾರ್ರಿ," ಅಂದರು.

ಆಗ ಮಾಸ್ಕ್ ಹಾಕಿಕೊಂಡು ಕೋಣೆಯ ಕಡೆ ಹೋದೆ. ಕಾಕಾ ಬಾಗಿಲ ಹೊರಗೆ ಬೋರಲಾಗಿ ಬಿದ್ದಿದ್ದರು. ಟಾವೆಲ್ಲು ಬಾಯಿಗೆ ಒತ್ತಿಕೊಂಡೇ ಇತ್ತು. ಒಳಗೆ ಸಿಲಿಂಡರಿನ ವಾಲ್ವನ್ನು ಪೂರ್ತಿ ತಿರುಗಿಸಿ ಬಂದ್ ಮಾಡಿದ್ದರು. ಅವರನ್ನು ಎಳೆದು ತಂದು, ನಾನೂ ಡ್ರೈವರೂ ಸೇರಿ ಪಾರ್ಕಿನ ಜೀಪಿನಲ್ಲಿ ಹಾಕಿದೆವು. ಸಿಂದಗಿ ಆಸ್ಪತ್ರೆಯವರು ಆಕ್ಸಿಜನ್ ಹಚ್ಚಿ ವಿಜಯಪುರಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಅವರ ಎದೆಯಿಂದ ಬಟ್ಟೆ ಹರಿದ ಹಾಗೆ ಸಪ್ಪಳ ಬರುತ್ತಿತ್ತು. ನಾನು ದೇವರ ಹೆಸರು ಹೇಳಲಿಲ್ಲ. "ಬಿಡಬ್ಯಾಡ್ರಿ ಕಾಕಾ, ಬಿಡಬ್ಯಾಡ್ರಿ," ಅಂತಷ್ಟೇ ಹೇಳುತ್ತಿದ್ದೆ. ಯಾರು ಏನನ್ನು ಬಿಡಬಾರದೆಂದು ನನಗೇ ಗೊತ್ತಿರಲಿಲ್ಲ.

ಹುಡುಗಿಯರು ಎರಡು ದಿನದಲ್ಲಿ ಆಸ್ಪತ್ರೆಯಿಂದ ಮನೆಗೆ ಹೋದರು. ಕಾಕಾ ಬದುಕಿದರು, ಆದರೆ ಪುಪ್ಪುಸ ಅರ್ಧ ಸುಟ್ಟಿತ್ತು.

ಅಧಿಕಾರಿಗಳು ವಿಚಾರಣೆಗೆ ಬರುವ ಹಿಂದಿನ ದಿನ ಮಾಲೀಕರು ನನ್ನನ್ನು ಕರೆದು ಮೆಲ್ಲಗೆ ಹೇಳಿದರು, "ರಿಜಿಸ್ಟರ್ ಐತಲ್ಲ, ಅದನ್ನ ಮುಂದ ಇಡು. ಅಂವಾ ಮಾಸ್ಕ್ ಹಾಕ್ಕೊಳ್ಳದ ಹೋದ ಅಂತ ಹೇಳು."

ಮರುದಿನ ರಿಜಿಸ್ಟರು ಮುಂದಿಟ್ಟು, ಇದರಲ್ಲಿ ಒಂದು ಸಹಿ ಬಿಟ್ಟು ಉಳಿದದ್ದೆಲ್ಲ ಸುಳ್ಳು ಎಂದೆ. ಮಾಸ್ಕ್ ಎಲ್ಲಿದ್ದವು, ಯಾರು ಅಲ್ಲಿಟ್ಟರು ಎಂಬುದನ್ನೂ ಹೇಳಿದೆ. ಕೆಲಸ ಹೋಯಿತು. ಮನಸ್ಸು ಹಗುರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ.

ಕಾಕಾನನ್ನು ನೋಡಲು ವಾರಕ್ಕೊಮ್ಮೆ ಬಸವನ ಬಾಗೇವಾಡಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹೂವಿನ ಹಿಪ್ಪರಗಿಗೆ ಟಂಟಂ ಆಟೋ ಹಿಡಿಯುತ್ತಿದ್ದೆ. ಮೊದಲ ಸಲವೇ ಅವರ ಹೆಂಡತಿ ಕೇಳಿದರು. "ಮಾಸ್ಕ್ ತಗದಾವ್ರು ನೀವಾ ಏನ್ರಿ?"

"ಹೌದ್ರಿ ಯಕ್ಕಾ. ನಾನ."

ಆಕೆ ಒಳಗೆ ಹೋದರು. ಚಹಾ ಮಾಡಿ ತಂದಿಟ್ಟರು. ಕಾಕಾ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತು, ನಾಲ್ಕು ಮಾತಿಗೊಮ್ಮೆ ನಿಂತು ಉಸಿರು ಹುಡುಕುತ್ತ, ನನ್ನ ಮಕ್ಕಳ ಸಾಲಿ ಬಗ್ಗೆ, ಜೋಳದ ಬಗ್ಗೆ ಕೇಳುತ್ತಿದ್ದರು. ಸಿಟ್ಟಿನ ಒಂದು ಮಾತೂ ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಐದಾರು ಸಲ ಹೋದ ಮೇಲೆ ಆಕೆ ನನ್ನನ್ನು ಅಂಗಳದ ತನಕ ಕಳಿಸಲು ಬಂದರು.

"ಇನ್ನ ಬರಬ್ಯಾಡ್ರಿ. ಸಿಟ್ಟೇನಿಲ್ಲ. ನೀವು ಬಂದ್ರ ಅವರು ಮಾತಾಡ್ತಾರ. ಆಮ್ಯಾಲ ಎರಡು ದಿನ ಕೆಮ್ಮತಾರ."

ಈಗ ಫೋನ್ ಮಾಡುತ್ತೇನೆ. ಆಕೆಯೇ ಎತ್ತುತ್ತಾರೆ. "ಉಂಡಾರ್ರಿ," ಅನ್ನುತ್ತಾರೆ, ಇಲ್ಲವೆ "ಇವತ್ತ ಉಂಡಿಲ್ರಿ." ಇನ್ನೇನು ಕೇಳಬೇಕೆಂದು ತಿಳಿಯದೆ ನಾನು ಫೋನ್ ಇಡುತ್ತೇನೆ.