ಹವಾಲ್ದಾರರ ಸ್ವರ ಹೊತ್ತು ಭಟ್ಕಳಕ್ಕೆ

ಸತ್ತು ಹತ್ತು ದಿನವಾಗಿದ್ದ ಮನುಷ್ಯನ ಸ್ವರದಲ್ಲಿ ಅವರ ಮಗಳನ್ನು ಬಾಗಿಲಿಗೆ ಕರೆದ ಮೂರ್ಖ ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ನನ್ನನ್ನು ಸಜ್ಜನನೆಂದು ನಂಬಿ ಅರ್ಧ ದಾರಿ ಬಂದು ಆಮೇಲೆ ಬಯ್ಯುತ್ತೀರಿ. ಕುಮಟಾದಲ್ಲಿ ಆ ತಪ್ಪು ಮಾಡುವವರು ಯಾರೂ ಇಲ್ಲ, ನನ್ನ ತಾಯಿ ಕೂಡ ಮಾಡುವುದಿಲ್ಲ.

ನನ್ನ ಕಸುಬು ಬಟ್ಟೆ ಅಂಗಡಿಯಲ್ಲಿ ಅರಿವೆ ಅಳೆಯುವುದು. ಹುಚ್ಚು, ಕಂಡವರ ಸ್ವರ ತೆಗೆಯುವುದು. ಉದ್ರಿ ಕೇಳುವ ಗಿರಾಕಿ ಬಂದಾಗ ನಮ್ಮ ಸಾಹುಕಾರರಿಗೆ ಬರುವ ಕೆಮ್ಮು, ದಕ್ಷಿಣೆ ಕಡಿಮೆಯಾದಾಗ ಭಟ್ಟರ ಮಂತ್ರಕ್ಕೆ ಬರುವ ಓಟ, ಇವೆಲ್ಲ ನನ್ನ ಗಂಟಲಲ್ಲಿದ್ದವು. ಎಲ್ಲಕ್ಕಿಂತ ಹೆಸರಾದದ್ದು ಹವಾಲ್ದಾರ ತಿಮ್ಮಣ್ಣ ನಾಯ್ಕರ ಸ್ವರ. ಅವರು ಮೊದಲು ಮಿಲಿಟರಿಯಲ್ಲಿ ಹವಾಲ್ದಾರ. ಬಾಂಗ್ಲಾ ಯುದ್ಧ ಮುಗಿಸಿ ಬಂದು ಪೊಲೀಸ್ ಸೇರಿದರು. ಹೊನ್ನಾವರ, ಭಟ್ಕಳ, ಕಡೆಗೆ ಕುಮಟಾ ಠಾಣೆ, ಅಲ್ಲೂ ಹವಾಲ್ದಾರ. ಆಗಸ್ಟ್ ಹದಿನೈದಕ್ಕೆ ಹಳೇ ಕೋಟಿನ ಮೇಲೆ ಪದಕ ಹಚ್ಚಿಕೊಂಡು ಹೈಸ್ಕೂಲ್ ಮೈದಾನದಲ್ಲಿ ನಿಂತರೆ ಧ್ವಜದ ಕಂಬಕ್ಕೂ ಅವರಿಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಸರ್ಕಲ್ಲಿನಲ್ಲಿ ಅವರು "ಏಯ್! ನೆಟ್ಟಗೆ ನಿಲ್ಲು!" ಎಂದರೆ ಎತ್ತಿನ ಗಾಡಿಯ ಎತ್ತುಗಳೂ ನಿಲ್ಲುತ್ತಿದ್ದವು.

ಒಮ್ಮೆ ಅವರ ಬೆನ್ನ ಹಿಂದೆಯೇ ಆ ಸ್ವರ ತೆಗೆಯುತ್ತಿದ್ದಾಗ ಸಿಕ್ಕಿಬಿದ್ದೆ. ಕೆನ್ನೆಯನ್ನು ಸಿದ್ಧಮಾಡಿಕೊಂಡು ನಿಂತೆ. ಅವರು ಹೊಡೆಯಲಿಲ್ಲ. "ಇನ್ನೊಮ್ಮೆ ಮಾಡು" ಎಂದರು. ಮಾಡಿದೆ. ತಲೆ ಬಗ್ಗಿಸಿ ಕೇಳಿ, "ಹಾಗೆಯೇ ಕೇಳ್ತದ್ಯಾ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಹೋದರು. ಅದೇ ಸರ್ಕಲ್ಲಿನಲ್ಲಿ, ಒಂದು ಸಂತೆಯ ದಿನ, ಕೈ ಎತ್ತಿ ಲಾರಿ ನಿಲ್ಲಿಸಿದವರು ಕೈ ಇಳಿಸುವ ಮೊದಲೇ ಕುಸಿದುಬಿದ್ದರು.

ಹತ್ತನೇ ದಿನ ಬೆಳಿಗ್ಗೆ ಅವರ ಹೆಂಡತಿ ದೇವಕ್ಕ ಬೇಲಿಯ ಆಚೆಯಿಂದ ನನ್ನನ್ನು ಕರೆದರು. ನಾನು ಅದೇ ಕೇರಿಯವನಾದರೂ ಪೊಲೀಸರ ಮನೆಯೆಂದು ಒಳಗೆ ಕಾಲಿಟ್ಟವನಲ್ಲ.

"ಸುಮಿತ್ರಾ ಬರ್ಲಿಲ್ಲ, ಗಣಪು" ಎಂದರು. ಸುಮಿತ್ರಾ ಅವರ ಒಬ್ಬಳೇ ಮಗಳು, ಭಟ್ಕಳ ಬಂದರದ ದೋಣಿಯವರ ಮನೆಗೆ ಕೊಟ್ಟದ್ದು. ಮದುವೆಯಾದ ಮೂರು ವರ್ಷದಲ್ಲಿ ಒಮ್ಮೆಯೂ ತವರಿಗೆ ಬಂದಿರಲಿಲ್ಲ. "ತಂತಿ ಕೊಟ್ಟಾತು. ಸುದ್ದಿಯಿಲ್ಲ. ಸೂತಕದಲ್ಲಿ ನಾ ಹೋಗೂಕಾಗೂದಿಲ್ಲ. ನಾಡಿದ್ದು ಹನ್ನೆರಡು. ಆವತ್ತೂ ಅದು ಬರ್ದಿದ್ರೆ ಮತ್ತೆ ಈ ಜನ್ಮದಲ್ಲಿ ಬರೂದಿಲ್ಲ."

"ಎಂತಕ್ಕೆ ಬರೂದಿಲ್ಲ? ಹವಾಲ್ದಾರ್ರ ಸ್ವರದಲ್ಲೇ ಒಂದ್ ಕೂಗು ಹಾಕ್ತೆ. ಓಡಿ ಬತ್ತದೆ ನೋಡಿ!"

ದೇವಕ್ಕ ನನ್ನ ಮುಖವನ್ನೇ ನೋಡಿದರು. ಬೇಡ ಎನ್ನಲಿಲ್ಲ. "ಅವ್ರ ಸ್ವರ ನಿಂಗೆ ಬತ್ತದ್ಯಾ?" ಎಂದಷ್ಟೇ ಕೇಳಿದರು. ಅದನ್ನು ನಾನು ಹೊಗಳಿಕೆಯೆಂದು ತಿಳಿದೆ.

ಬಸ್ಸು ಹೊರಟಾಗ ಬಿಸಿಲು ಇನ್ನೂ ಎಳೆಯದು, ಸೆಕೆ ಮಾತ್ರ ಬಲಿತಿತ್ತು. ಮೇಲೆ ಮೀನಿನ ಬುಟ್ಟಿಗಳಿದ್ದವು. ಬ್ರೇಕು ಹಾಕಿದಾಗಲೆಲ್ಲ ಅವುಗಳ ನೀರು ಕಿಟಕಿಯ ಮೇಲೆ ಇಳಿದು ನನ್ನ ಇಸ್ತ್ರಿ ಅಂಗಿಗೆ ಪ್ರೋಕ್ಷಣೆ ಮಾಡುತ್ತಿತ್ತು. ಹೊನ್ನಾವರದವರೆಗೆ ಎರಡು ರೂಪಾಯಿ ಚಿಲ್ಲರೆ. ಟಿಕೆಟ್ ಹರಿಯುವ ಕಂಡಕ್ಟರಿಗೆ ಅವನದೇ ಮೂಗಿನ ಸ್ವರದಲ್ಲಿ "ಹೊನ್ನಾವರಾ ಹೊನ್ನಾವರಾ" ಎಂದೆ. ಅವನು ನಕ್ಕು ಪಕ್ಕದಲ್ಲೇ ಕೂತ. ಎಲ್ಲಿಗೆ, ಯಾಕೆ ಎಂದು ಕೇಳಿದ. ಹೇಳಿದೆ.

ಧಾರೇಶ್ವರದಲ್ಲಿ ಬಸ್ಸು ನಿಂತಾಗ ಅವನು ಸಮುದ್ರದ ಕಡೆಗೆ ಗದ್ದ ಎತ್ತಿದ. "ಹವಾಲ್ದಾರ್ರು ರಜೆ ಇದ್ದ ದಿನ ಇಲ್ಲೇ ಇಳೀತಿದ್ರು. ಪೊಲೀಸ್ ಅಂತ ಬಿಟ್ಟಿ ಬಂದವ್ರಲ್ಲ, ಟಿಕೆಟ್ ತಕ್ಕಂಡೇ ಬರ್ತಿದ್ರು."

"ದೇವಸ್ಥಾನಕ್ಕಾ?"

"ಅದೇ ಇಲ್ಲ. ದೇವರಿಗೆ ಬೆನ್ನು ಹಾಕಿ ಸಮುದ್ರದ ದಂಡೆ ಹೊಯ್ಗೆ ಮೇಲೆ ಕೂತ್ಕಂತಿದ್ರು. ನಾ ಹೊನ್ನಾವರ ಮುಟ್ಟಿ ತಿರುಗಿ ಬಂದ್ರೂ ಅಲ್ಲೇ. ಒಂದ್ ಸಲ ಕೇಳ್ದೆ, ಎಂತ ನೋಡ್ತ್ರಿ ಒಡೆಯಾ ಅಂತ. ನನ್ನ ಕಡೆ ತಿರುಗಿದ್ರು, ಬಾಯಿ ತೆರೆದ್ರು, ಮತ್ತೆ ಮುಚ್ಕಂಡ್ರು."

ಬಾಯಿ ತೆರೆದು ಮುಚ್ಚುವುದನ್ನು ಅಣಕಿಸಲು ಬರುವುದಿಲ್ಲ, ಅದರಲ್ಲಿ ಸ್ವರವಿಲ್ಲ. ಆದ್ದರಿಂದ ಆ ಮಾತನ್ನು ಅಲ್ಲೇ ಬಿಟ್ಟು ನಾನು ನಿದ್ದೆ ಮಾಡಿದೆ.

ಹೊನ್ನಾವರದಲ್ಲಿ ಬಸ್ಸು ಬದಲಿಸಬೇಕಿತ್ತು. ಸ್ಟ್ಯಾಂಡಿನ ಹಿಂದಿನ ಹೊಟೆಲಿನಲ್ಲಿ ಬನ್ಸು, ಚಾ ಹೇಳಿದೆ. ಗಲ್ಲೆಯ ಮೇಲೆ ಕೂತ ಮಾಲಕನಿಗೆ ನನ್ನ ಗುರುತು ಸಿಕ್ಕಿತು. ಹೋದ ಗಣೇಶ ಚೌತಿಗೆ ಕುಮಟಾದಲ್ಲಿ ನನ್ನ ಅಣಕದ ಆಟ ನೋಡಿದ್ದನಂತೆ.

"ನಮ್ಮ ಹವಾಲ್ದಾರ್ರದ್ದು ಒಂದ್ ತೆಗಿಯೋ ಮಾರಾಯಾ. ಪಾಪ, ಹೋಗ್ಬಿಟ್ರು ಅಲ್ದಾ."

ಎರಡನೇ ಸಲ ಹೇಳಿಸಿಕೊಳ್ಳುವ ಮರ್ಯಾದೆ ನನಗಿಲ್ಲ. ಎದೆ ಉಬ್ಬಿಸಿ, ಮೀಸೆಯಿಲ್ಲದ ಕಡೆ ಮೀಸೆ ತಿರುವಿ ಕೂಗಿದೆ: "ಏಯ್! ನೆಟ್ಟಗೆ ನಿಲ್ಲು!"

ಹೊಟೆಲಿಗೆ ಹೊಟೆಲೇ ನಕ್ಕಿತು. ಮೂಲೆಯ ಬೆಂಚಿನಲ್ಲಿ ಒಬ್ಬ ಮುದುಕ ಮಾತ್ರ ಎದ್ದು ನಿಂತ. ಎರಡೂ ಕೈ ತೊಡೆಗೆ ಒತ್ತಿ, ಗದ್ದ ಮೇಲೆ ಮಾಡಿ, ಗೋಡೆ ನೋಡುತ್ತ ನಿಂತ. ಅವನ ಲೋಟ ಉರುಳಿ ಚಾ ಬೆಂಚಿನಿಂದ ಅವನ ಬರಿಗಾಲ ಮೇಲೆ ಸುರಿಯುತ್ತಿತ್ತು. ಅವನು ಕಾಲು ತೆಗೆಯಲಿಲ್ಲ.

ನಗು ಒಂದೊಂದಾಗಿ ನಿಂತಿತು. ನಾನು ಹೋಗಿ ಭುಜ ಹಿಡಿದು ಕೂರಿಸಿದೆ. "ಕೂಗಿದ್ದು ನಾನು ಅಜ್ಜಾ, ಸುಮ್ನೆ ತಮಾಷೆಗೆ."

"ಗೊತ್ತಾತು" ಎಂದ. "ಕಾಲಿಗೆ ಗೊತ್ತಾಗ್ಲಿಲ್ಲ."

ಅವನ ಹೆಸರು ಮಂಜ, ದೋಣಿಯ ಕೂಲಿ. ಯಾರದೋ ಬಲೆ ಕಳುವಾದಾಗ ಹವಾಲ್ದಾರರು ಅವನನ್ನು ಹಿಡಿದು ಠಾಣೆಯಲ್ಲಿ ರಾತ್ರಿಯಿಡೀ ನಿಲ್ಲಿಸಿದ್ದರು. ಬಾಗಿದರೆ ಮೊಣಕಾಲಿಗೆ ಲಾಠಿ. ಬಲೆ ಕದ್ದವನು ಬೇರೆಯೇ, ಆಮೇಲೆ ಸಿಕ್ಕ. ಮಂಜನ ಎಡಗಾಲು ಮಾತ್ರ ಮೊದಲಿನಂತೆ ಆಗಲಿಲ್ಲ.

"ಮತ್ತೆ ಒಂದಿನ ನಮ್ಮನೆ ಅಂಗಳಕ್ಕೆ ಬಂದ್ರು" ಎಂದ ಮಂಜ. "ಖಾಕಿ ಇಲ್ಲ, ಬಿಳೀ ಪಂಚೆ. ನಾ ಹೆದ್ರಿ ಒಳಗೆ ಕೂತೆ. ಬಿಸಲಲ್ಲಿ ನಿಂತೇ ಇದ್ರು. ಎಂತೋ ಹೇಳೂಕೆ ಬಂದದ್ದು ಹೌದು. ಹೇಳ್ಳಿಲ್ಲ. ಹೋದ್ರು."

"ತಪ್ಪಾತು ಅನ್ನೂಕೆ ಬಂದಿರ್ಬೇಕು."

"ಇರ್ಬೇಕು. ನನ್ನ ಕಿವಿಗೆ ಬೀಳ್ಬೇಕಿತ್ತಲ್ಲ ಅದು?"

ಅವನಿಗೆ ಇನ್ನೊಂದು ಚಾ ಹೇಳಿ ದುಡ್ಡೂ ನಾನೇ ಕೊಟ್ಟೆ. ಅವನು ಎರಡನೇ ಲೋಟ ಕುಡಿಯಲಿಲ್ಲ. ಇನ್ನು ಆ ಸ್ವರ ತೆಗೆಯುವುದಿಲ್ಲ ಎಂದು ಹೊಟೆಲಿನ ಮೆಟ್ಟಿಲಲ್ಲೇ ನಿಶ್ಚಯ ಮಾಡಿದೆ. ನನ್ನ ನಿಶ್ಚಯಗಳು ಹೇಗೆಂದು ನಿಮಗೆ ಗೊತ್ತಿಲ್ಲ.

ಶರಾವತಿ ಸೇತುವೆಯ ಮೇಲೆ ಬಸ್ಸು ನಿಧಾನಕ್ಕೆ ಹೋಯಿತು. ಕೆಳಗೆ ನೀರು ಕಣ್ಣಿಗೆ ಚುಚ್ಚುವಷ್ಟು ಹೊಳೆಯುತ್ತಿತ್ತು. ಇಡಗುಂಜಿ ಕ್ರಾಸಿನಲ್ಲಿ ಹಣ್ಣುಕಾಯಿಯ ಚೀಲ ಹಿಡಿದವರೆಲ್ಲ ಇಳಿದು ಬಸ್ಸು ಖಾಲಿಯಾಯಿತು. ಅಲ್ಲಿಯ ಗಣಪತಿಗೆ ಕೂತಲ್ಲಿಂದಲೇ ಕೈಮುಗಿದು, ಸುಮಿತ್ರಕ್ಕನನ್ನು ಒಮ್ಮೆ ಬಸ್ಸು ಹತ್ತಿಸು ಎಂದು ಕೇಳಿಕೊಂಡೆ. ಅಲ್ಲಿಂದ ಭಟ್ಕಳದವರೆಗೆ ಯಾರನ್ನೂ ಅಣಕಿಸಲಿಲ್ಲ. ಅಣಕಿಸಲು ಯಾರೂ ಇರಲಿಲ್ಲ ಎಂಬುದೂ ನಿಜ.

ಭಟ್ಕಳದ ಪೇಟೆಯಲ್ಲಿ ದುಬೈ ಸೆಂಟು, ಟೇಪ್ ರೆಕಾರ್ಡರು. ಒಂದು ಅಂಗಡಿಯಲ್ಲಿ ದಾರಿ ಕೇಳಿದೆ. ಬಿಳಿ ಟೊಪ್ಪಿಯ ಸಾಹೇಬರು ಮನೆಯ ಗುರುತು ಹೇಳಿ, "ಹವಾಲ್ದಾರ್ ಸಾಬರ ಮಗಳಲ್ವಾ? ನಮ್ಮ ಅಂಗಡಿ ಎದುರೇ ಅವ್ರ ಡ್ಯೂಟಿ ಇತ್ತು. ಒಳ್ಳೆ ಉರ್ದು ಮಾತಾಡ್ತಿದ್ರು. ಬಾಯಿ ತುಂಬ ಮಾತು, ನಗು" ಎಂದರು. ಹವಾಲ್ದಾರರು ನಕ್ಕದ್ದನ್ನು ನಾನು ನೋಡಿರಲಿಲ್ಲ. ನನ್ನ ಗಂಟಲಲ್ಲಿದ್ದದ್ದು ಅವರ ಒಂದು ತುಂಡು ಮಾತ್ರ ಎಂದು ಆಗಲೇ ತಿಳಿಯಬೇಕಿತ್ತು.

ಬಂದರದ ಹತ್ತಿರದ ಹಂಚಿನ ಮನೆ. ಗಂಡ ದೋಣಿಯ ಮೇಲೆ ಹೋಗಿದ್ದ. ಸುಮಿತ್ರಕ್ಕ ಬೆಲ್ಲ ನೀರು ಕೊಟ್ಟಳು.

"ಅಂಗಡಿ ಬಿಟ್ಟು ಇಷ್ಟು ದೂರ ಬಂದ್ಯಲ್ಲೋ?"

"ನಾ ಇಲ್ದಿದ್ರೆ ವ್ಯಾಪಾರ ಹೆಚ್ಚಾಗ್ತದೆ ಅಂತ ಸಾಹುಕಾರ್ರೇ ಕಳ್ಸಿದ್ರು."

ಅರ್ಧ ನಕ್ಕಳು. ಒಲೆಯ ಮೇಲೆ ಬಂಗಡೆ ಮೀನಿನ ಸಾರು ಕುದಿಯುತ್ತಿತ್ತು. ಸಾವಿನ ತಂತಿ ಬಂದ ಮನೆಯ ಹಾಗೆ ಕಾಣಲಿಲ್ಲ.

"ಅಮ್ಮ ಉಣ್ತದ್ಯಾ?"

"ಎರಡು ತುತ್ತು. ನಾಡಿದ್ದು ಹನ್ನೆರಡು, ಅಕ್ಕಾ. ನಿನ್ನ ಕರ್ಕಂಡೇ ಬಾ ಅಂದದೆ."

"ಆತು, ಕೇಳ್ದೆ. ಊಟ ಮಾಡು. ಮೂರೂವರೆಗೆ ಬಸ್ಸದೆ, ಹೋಗು."

"ನೀನು?"

"ನಾ ಬರೂದಿಲ್ಲ."

"ಅಪ್ಪ ಅಲ್ದಾ ಅಕ್ಕಾ?"

"ಅಲ್ಲ ಅಂತ ಯಾರು ಹೇಳಿದ್ದು?" ಎಂದು ಸೌಟು ಕೆಳಗಿಟ್ಟಳು. "ಆ ಮನೇಲಿ ಗೋಡೆ ಹತ್ರ ಮಾತಾಡಿ ಬೆಳ್ದವ್ಳು ನಾ. ಈಗ ಅಲ್ಲೇ ಬಂದು ಕೂತು ಅಳು ಅಂದ್ರೆ ಅಳು ಬತ್ತದ್ಯಾ?"

ಅಣಕಿಸುವವನಿಗೆ ಸ್ವರ ಕೇಳುತ್ತದೆ, ಮಾತು ಕೇಳುವುದಿಲ್ಲ. ನನಗೆ ಕೇಳಿದ್ದು ಅವಳ ಗಂಟಲು ಒಣಗಿದ್ದು ಮಾತ್ರ. ಇನ್ನೊಂದು ಸಲ ದಬ್ಬಿದರೆ ಬರುತ್ತಾಳೆ ಎಂದುಕೊಂಡೆ. ಉಂಡು ಕೈತೊಳೆದು ಅಂಗಳಕ್ಕೆ ಇಳಿದೆ. ಅವಳು ಒಳಗೆ ಹೋದಳು. ದೇವಕ್ಕನ ಮುಂದೆ ಖಾಲಿ ಕೈಯಲ್ಲಿ ನಿಲ್ಲುವುದು ನೆನಪಾಯಿತು. ಬೇಲಿಯ ಹತ್ತಿರ ನಿಂತು, ಎದೆ ಉಬ್ಬಿಸಿ ಕೂಗಿದೆ:

"ಏಯ್ ಸುಮೀ! ಹೊರಗೆ ಬಾ!"

ಕೋಳಿಗಳು ಚದುರಿದವು. ಪಕ್ಕದ ಮನೆಯಲ್ಲಿ ಬಲೆ ಹೊಲಿಯುತ್ತಿದ್ದವನ ಕೈ ನಿಂತಿತು. ಸುಮಿತ್ರಕ್ಕ ಓಡಿ ಬಂದಳು. ಹೊಸ್ತಿಲಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ನನ್ನನ್ನಲ್ಲ, ನನ್ನ ತಲೆಯ ಮೇಲಿಂದ ದಾರಿಯನ್ನು ನೋಡಿದಳು. ಅಷ್ಟು ಹೊತ್ತು ಅವಳು ಚಿಕ್ಕ ಹುಡುಗಿಯ ಹಾಗಿದ್ದಳು. ಆಮೇಲೆ ಅವಳಿಗೆ ನಾನು ಕಂಡೆ. ಬಯ್ಯಲಿಲ್ಲ. ಮೆಲ್ಲಗೆ ಎರಡು ಮಾತು ಹೇಳಿ, ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಳು.

ಮೂರೂವರೆಯ ಬಸ್ಸಿನಲ್ಲಿ ಒಬ್ಬನೇ ಹಿಂತಿರುಗಿದೆ. ಹೊನ್ನಾವರದಲ್ಲಿ ಬಸ್ಸು ಬದಲಿಸುವಾಗ ಚಾ ಕುಡಿಯಲು ಹೋಗಲಿಲ್ಲ. ಧಾರೇಶ್ವರದಲ್ಲಿ ಹೊಯ್ಗೆ ಖಾಲಿಯಿತ್ತು. ಯಾರೋ ಕೂತಿದ್ದಾರೆಯೇ ಎಂದು ಕುತ್ತಿಗೆ ಚಾಚಿ ನೋಡಿದ್ದಂತೂ ಹೌದು.

ಹೊತ್ತು ಕಂತುವಾಗ ಕುಮಟಾ. ದೇವಕ್ಕ ಬೇಲಿಯ ಹತ್ತಿರವೇ ನಿಂತಿದ್ದರು. ನನ್ನ ಹಿಂದೆ ನೋಡಿದರು, ಮಗಳು ನೋಡಿದ ಹಾಗೆಯೇ.

"ಕೂಗಿದ್ಯಾ?"

"ಕೂಗಿದೆ."

"ಎಂತ ಹೇಳ್ತು?"

"ಬರೂದಿಲ್ಲ ಅಂತು."

"ಅಷ್ಟೇ ಅಲ್ಲ. ಹೇಳಿದ್ದನ್ನೇ ಹೇಳು. ಅದ್ರ ಸ್ವರದಲ್ಲೇ ಹೇಳೋ, ಗಣಪು. ಕೇಳದೇ ಮೂರು ವರ್ಷ ಆತು."

ಬೇಡ ದೇವಕ್ಕ ಎಂದೆ. ಅವರು ಬೇಲಿಯ ಗೂಟ ಹಿಡಿದು ಕಾಯುತ್ತ ನಿಂತರು. ಅಷ್ಟು ವರ್ಷ ಊರಿಗೆಲ್ಲ ಸ್ವರ ತೆಗೆದವನಿಗೆ ಆವತ್ತು ಒಂದು ಎಳೆಯೂ ತಪ್ಪಲಿಲ್ಲ. ಮಗಳ ಸ್ವರದಲ್ಲಿ, ಅವಳು ಹೇಳಿದಷ್ಟೇ ಮೆಲ್ಲಗೆ, ತಾಯಿಗೆ ಹೇಳಿದೆ:

"ಅಪ್ಪ ಒಂದ್ ಸಲನೂ ನನ್ನ ಹೆಸ್ರು ಹಿಡಿದು ಕರೀಲಿಲ್ಲ. ನೀ ಯಾರ ಸ್ವರದಲ್ಲಿ ಕರ್ದೆ?"