ಬೂಸ್ಟು ಒರೆಸುವ ರೇಣುಕಾಪ್ರಸಾದ್

ಬೆಳಗಿನ ಐದೂವರೆ. ಭದ್ರಾವತಿಯ ನ್ಯೂ ಟೌನಿನಲ್ಲಿ ರಸ್ತೆಯ ಧೂಳು ಏಳುವ ಮೊದಲೇ ರೇಣುಕಾಪ್ರಸಾದ್ ಅಂಗಡಿಯ ಶಟರ್ ಅರ್ಧ ಎತ್ತಿ ಒಳಗೆ ಕೂತಿದ್ದಾರೆ. ಕೈಯಲ್ಲಿ ಯಾರದೋ ಮದುವೆಯ ಹಳೇ ವಿಡಿಯೋ ಕ್ಯಾಸೆಟ್. ಟೇಪಿಗೆಲ್ಲ ಬಿಳಿ ಬೂಸ್ಟು. ಮೆತ್ತನೆ ಬಟ್ಟೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಗೇಣು ಗೇಣಾಗಿ ಒರೆಸುತ್ತಾರೆ. ಒಂದು ಮದುವೆ ಶುಚಿಯಾಗಲು ನಾಲ್ಕು ಗಂಟೆ ಬೇಕು. ಆಮೇಲೆ ಅದನ್ನು ಪೆನ್‌ಡ್ರೈವಿಗೆ ಇಳಿಸಬೇಕು. ದಿನಕ್ಕೆ ಎರಡಾದರೆ ಹೆಚ್ಚು.

ಹಿಂದಿನ ಕಪಾಟಿನ ತುಂಬ ಬ್ರಿಟಿಷ್ ಟೀವಿಯ ಹಳೆಯ ಧಾರಾವಾಹಿಗಳು, ಬೇರೆ ಗ್ರಹ, ರಾಕ್ಷಸರ ವೈಜ್ಞಾನಿಕ ಕಥೆಗಳು. ಊರಿನ ಉಕ್ಕಿನ ಕಾರ್ಖಾನೆಯ ಎಂಜಿನಿಯರೊಬ್ಬರು ಇಂಗ್ಲೆಂಡಿನಿಂದ ತಂದಿದ್ದ ಕ್ಯಾಸೆಟ್ಟುಗಳಿಂದ ಹತ್ತಿದ ಹುಚ್ಚು ಅದು. ಅರವತ್ತೊಂದರ ಈ ಮನುಷ್ಯನ ಮುಂದೆ ಈಗಿನ ಗ್ರಾಫಿಕ್ಸ್ ಹೊಗಳಿದಿರೋ, ಮುಗಿಯಿತು ಕಥೆ.

“ಇದ್ರಲ್ಲಿ ಎಲ್ಲಾ ಗ್ರಹಾನೂ ಒಂದೇ ಕಲ್ಲುಕ್ವಾರಿ ಮಾರಾಯ್ರೆ. ರಾಕ್ಷಸನ ಬೆನ್ನಲ್ಲಿ ಜಿಪ್ಪು ಕಾಣುತ್ತೆ. ಬಾಗ್ಲು ಹಾಕಿದ್ರೆ ಗೋಡೆ ಅಲ್ಲಾಡುತ್ತೆ, ಆದ್ರೆ ಆ್ಯಕ್ಟರು ಒಂಚೂರೂ ಅಲ್ಲಾಡಲ್ಲ. ಅವನು ನಿಜವಾಗ್ಲೂ ಹೆದರ್ತಾನೆ, ಅದಕ್ಕೇ ನಾವೂ ಹೆದರ್ತೀವಿ. ಈಗ ಎಲ್ಲಾ ತೋರಿಸ್ತಾರೆ, ಹೆದರೋರೇ ಇಲ್ಲ.”

ಅವರ ಸಂಕಟ ಬೇರೆಯೇ. ಟೇಪು ದುಬಾರಿಯೆಂದು ಆ ಕಾಲದಲ್ಲಿ ಅಲ್ಲಿನ ಟೀವಿಯವರು ಎಷ್ಟೋ ಕಂತುಗಳನ್ನು ಅಳಿಸಿ, ಮೇಲೆ ಬೇರೆ ಏನೇನೋ ತುಂಬಿದರು. “ಮುಠ್ಠಾಳರು ಅಂತ ಬೈತಿದ್ದೆ. ಆಮೇಲೆ ನಾನೇ ಆ ಕೆಲ್ಸ ಮಾಡ್ದೆ.”

ಅದು 1996. ಎಂಜಿನಿಯರು ವರ್ಗವಾಗಿ ಮರುದಿನವೇ ಹೊರಡುವವರು. ಏಳು ಕಂತಿನ ಒಂದು ಕಥೆ ಕಾಪಿಯಾಗಬೇಕು, ಖಾಲಿ ಕ್ಯಾಸೆಟ್ ಇಲ್ಲ. ಮನೆಯಲ್ಲಿದ್ದದ್ದು ತಮ್ಮದೇ ಮದುವೆಯ ಕ್ಯಾಸೆಟ್ ಒಂದೇ. ಯಾರೂ ಅಳಿಸದಿರಲೆಂದು ವಿಡಿಯೋದವನು ಅದರ ಅಂಚಿನ ಪ್ಲಾಸ್ಟಿಕ್ ಚೂರನ್ನು ಮುರಿದೇ ಕೊಟ್ಟಿದ್ದ. ಮತ್ತೆ ರೆಕಾರ್ಡ್ ಆಗಲೆಂದು ರೇಣುಕಾಪ್ರಸಾದ್ ಆ ತೂತಿಗೆ ಗಮ್ ಟೇಪು ಅಂಟಿಸಿದರು. ಹೆಂಡತಿ ಜಯಶೀಲಾ ನಕ್ಕರಂತೆ: “ಅಳಿಸ್ಕೊಳ್ಳಿ. ನಾನಿಲ್ಲೇ ಇದೀನಲ್ಲ, ನನ್ನ ನೋಡಕ್ಕೆ ಟೀವಿ ಬೇಕಾ ನಿಮ್ಗೆ?”

ಮರುವರ್ಷ ಮಿದುಳು ಜ್ವರದಲ್ಲಿ ಜಯಶೀಲಾ ತೀರಿಕೊಂಡರು. ಉಳಿದದ್ದು ನಾಲ್ಕು ಫೋಟೊ. ದನಿ ಎಲ್ಲೂ ಇಲ್ಲ.

ಬೇರೆಯವರಾದರೆ ಪೆನ್‌ಡ್ರೈವಿಗೆ ಇಳಿಯಲೆಂದು ಕ್ಯಾಸೆಟ್ ಓಡಲು ಬಿಟ್ಟು ಚಹಾಕ್ಕೆ ಹೋಗುತ್ತಾರೆ. ಇವರು ಮೂರು ಗಂಟೆಯೂ ಕದಲದೆ ನೋಡುತ್ತಾರೆ, ಊಟದ ಪಂಕ್ತಿಯನ್ನಂತೂ ಎರಡೆರಡು ಸಲ. ಆ ಧಾರಾವಾಹಿಗಳ ಅಳಿಸಿಹೋದ ಕಂತೊಂದರ ಕಾಪಿ ಯಾವುದೋ ದೇಶದ ಗೋದಾಮಿನಲ್ಲಿ ಸಿಕ್ಕಿತೆಂದು ಓದಿದ ದಿನದಿಂದ ಈ ಅಭ್ಯಾಸ. ಜಯಶೀಲಾ ಊರವರ ಒಂದು ಮದುವೆಯನ್ನೂ ತಪ್ಪಿಸಿದವರಲ್ಲ.

“ಸಾವಿರದ ನೂರು ಮದ್ವೆ ನೋಡ್ದೆ. ಎರಡ್ರಲ್ಲಿ ಸಿಕ್ಕಿದಾಳೆ. ಒಂದ್ರಲ್ಲಿ ಬರೀ ಬೆನ್ನು. ಇನ್ನೊಂದ್ರಲ್ಲಿ ಮಾತಾಡ್ತಿದಾಳೆ, ಆದ್ರೆ ಆ ಪುಣ್ಯಾತ್ಮ ವಿಡಿಯೋದವನು ಮೇಲೆ ಸಿನಿಮಾ ಹಾಡು ಹಾಕ್ಬಿಟ್ಟಿದಾನೆ.”

ಬೆಳಿಗ್ಗೆ ಒರೆಸಿ ಈಗ ಓಡಿಸುತ್ತಿರುವ ಕ್ಯಾಸೆಟ್ ಮಲವಗೊಪ್ಪದ ಮಂಜುಶ್ರೀ ಎಂಬವರು ಕೊಟ್ಟದ್ದು, ಅವರ ಅಮ್ಮನ ಮದುವೆಯದು. ಇದಕ್ಕೆ ಹಾಡು ಸೇರಿಸಿಲ್ಲ. ಪಂಕ್ತಿ ಬರುತ್ತಿದ್ದಂತೆ ರೇಣುಕಾಪ್ರಸಾದ್ ಸೌಂಡು ಜಾಸ್ತಿ ಮಾಡಿ, ಪರದೆಯ ಹತ್ತಿರ ಸ್ಟೂಲು ಎಳೆದುಕೊಳ್ಳುತ್ತಾರೆ.

“ದೊಡ್ಡ ಮಾತೇನೂ ಬೇಡ ನಂಗೆ,” ಎನ್ನುತ್ತಾರೆ. “‘ಒಂಚೂರು ಸಾರು ಹಾಕಿ’ ಅಂದ್ರೂ ಸಾಕು.”