ಮಡಚಿಟ್ಟ ಎಡಗನ್ನಡಿ

ಯಾದಗಿರಿಯಿಂದ ಸುರಪುರಕ್ಕೆ ಹೊರಟ ಆ ಬೆಳಿಗ್ಗೆ ಏನೇನು ಕೆಡಬಹುದಿತ್ತೆಂಬ ಪಟ್ಟಿ ನನ್ನ ತಲೆಯಲ್ಲಿ ತಯಾರಿತ್ತು. ಭೀಮಾ ಸೇತುವೆಯ ಮೇಲೆ ಟೈರು ಒಡೆಯಬಹುದಿತ್ತು. ಹತ್ತಿ ಹೇರಿದ ಲಾರಿ ನಮ್ಮ ಮೇಲೆ ವಾಲಬಹುದಿತ್ತು. ಎಮ್ಮೆ ಅಡ್ಡ ಬರಬಹುದಿತ್ತು, ಎಮ್ಮೆಗೆ ತಗುಲಿದರೆ ಅದರ ಹಿಂದೆ ಇಡೀ ಊರು ಬರಬಹುದಿತ್ತು. ಮನೆಯಲ್ಲಿ ಗ್ಯಾಸ್ ಒಲೆ ಉರಿಯುತ್ತಿರಬಹುದಿತ್ತು. ಅದನ್ನು ನೋಡಲು ಎರಡು ಸಲ ತಿರುಗಿ ಹೋಗಿದ್ದೆ. ಮೂರನೆಯ ಸಲಕ್ಕೆ ಹೆಂಡತಿ ಬೀಗದ ಕೈ ಕೊಡಲಿಲ್ಲ.

“ಒಲಿ ಯಾವಾಗೋ ಆರ್ಯಾದ್ರಿ. ನಿಮ್ಮ ತಲ್ಯಾಗಿಂದೇ ಆರವಲ್ದು,” ಎಂದಳು.

ಆ ಪಟ್ಟಿಯಲ್ಲಿ ಸೈಕಲ್ ಇರಲಿಲ್ಲ.

ಶಹಾಪುರದ ಬಜಾರು ಬಂದರೆ ಕಾರಿನ ಎಡಗನ್ನಡಿಯನ್ನು ಒಳಕ್ಕೆ ಮಡಚುವುದು ನಮ್ಮ ಕಡೆಯ ರೂಢಿ. ತಳ್ಳುಗಾಡಿ ತಗುಲಿ ಕನ್ನಡಿ ಒಡೆದೀತೆಂಬ ಭಯ. ಜನರಿಗೆ ತಗುಲೀತೆಂಬ ಭಯವಲ್ಲ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಹೆಂಡತಿಗೆ ಹೇಳಿ ಮಡಚಿಸಿದೆ. ಬಜಾರು ದಾಟಿತು, ಬಿಚ್ಚಿಸುವುದು ಮರೆತೆ.

ಸುರಪುರದ ರಸ್ತೆ ಹಿಡಿದು ಸ್ವಲ್ಪ ದೂರಕ್ಕೆ ಮುಂದೆ ಸೈಕಲ್ ಮೇಲೆ ಒಬ್ಬ ಮುದುಕ ಹೋಗುತ್ತಿದ್ದ. ಕತ್ತರಿ, ಈಳಿಗೆಗೆ ಸಾಣೆ ಹಿಡಿಯುವಾತ. ಸಾಣೆಕಲ್ಲನ್ನು ಸೈಕಲ್ಲಿಗೇ ಜೋಡಿಸಿಕೊಂಡಿದ್ದ. ಒಂದು ಮಾರು ಜಾಗ ಬಿಟ್ಟು, ಹಾರ್ನ್ ಹೊಡೆಯದೆ, ಸಭ್ಯನಂತೆ ಆತನನ್ನು ದಾಟಿದೆ. ದಾಟಿದ್ದೇ ಆತ ನನ್ನ ಲೋಕದಿಂದ ಅಳಿಸಿಹೋದ. ಯಾಕೆಂದರೆ ಎಡಕ್ಕೆ ಪೆಟ್ರೋಲ್ ಬಂಕ್ ಕಂಡಿತ್ತು. ಟ್ಯಾಂಕು ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ಆದರೂ ಮುಂದೆ ಸಿಗದಿದ್ದರೆ? ವೇಗ ಇಳಿಸಿ, ನಡುಗನ್ನಡಿ ನೋಡಿ, ಬಲಗನ್ನಡಿಯನ್ನೂ ನೋಡಿ, ಎಡಕ್ಕೆ ತಿರುಗಿಸಿದೆ.

ಎಡಬಾಗಿಲಿನ ಮೇಲೆ ಅಂಗೈಯ ಏಟು ಬಿತ್ತು. ಒಂದಲ್ಲ, ನಾಲ್ಕೈದು. ಬ್ರೇಕಿನ ಮೇಲೆ ಕಾಲು ಯಾವಾಗ ಹೋಯಿತೋ ತಿಳಿಯದು. ಹೆಂಡತಿಯ ಕಿಟಕಿಯ ಗಾಜಿಗೆ ಆ ಮುದುಕನ ಮುಖ ಅಂಟಿಕೊಂಡಂತಿತ್ತು, ಬಿಳಿ ಗಡ್ಡ, ತೆರೆದ ಬಾಯಿ. ನನ್ನ ಕಾರು ಮತ್ತು ಚರಂಡಿಯ ಕಲ್ಲಿನ ನಡುವೆ ಆತನಿಗೆ ಉಳಿದಿದ್ದು ಒಂದು ಸೈಕಲ್ಲಿನಷ್ಟೇ ಜಾಗ. ಇನ್ನೊಂದು ಗೇಣು ತಿರುಗಿಸಿದ್ದರೆ ಎಂದು ಯೋಚಿಸಲು ಹೋದೆ. ಯೋಚಿಸುವುದೇ ಕಸುಬಾದ ನನ್ನ ತಲೆ ಮೊದಲ ಬಾರಿಗೆ ಕೆಲಸ ನಿಲ್ಲಿಸಿತ್ತು.

ಇಳಿದೆ. ಬಾನೆಟ್ ಸುತ್ತಿ ಆ ಕಡೆ ಹೋದೆ. ಬಾಯಿಗೆ ಬಂದದ್ದು ಕ್ಷಮೆಯಲ್ಲ, ‘ಕಾಣಲಿಲ್ಲ’ ಎಂಬ ಮಾತು.

ಆತ ಉಸಿರು ಹಿಡಿದುಕೊಂಡು, ಮಡಚಿದ ಕನ್ನಡಿಯನ್ನು ತಾನೇ ಹೊರಕ್ಕೆ ಬಿಚ್ಚಿದ. “ಹ್ಯಾಂಗ್ ಕಾಣ್ತದ್ರಿ ಸಾಹೇಬ್ರ? ಇದನ್ನ ಮಲಗಿಸೀರಿ. ಇದು ಎದ್ದಿದ್ರೂ ನಾ ಇಷ್ಟು ಬಾಜೂಕ ಇದ್ರ ಕಾಣೂದಿಲ್ಲ. ಕುತ್ತಿಗಿನರ ತಿರುಗಿಸಿ ನೋಡಬೇಕಿಲ್ಲೇನು?”

ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಹೆಂಡತಿ ನೀರಿನ ಬಾಟಲಿ ಕೊಟ್ಟಳು. ಆತ ಒಂದು ಗುಟುಕು ಕುಡಿದು, ನನ್ನ ಮುಖ ನೋಡಿ, ಬಾಟಲಿಯನ್ನು ನನಗೇ ದಾಟಿಸಿದ. ಆಮೇಲೆ ಸಾಣೆಕಲ್ಲಿನ ಮೇಲೆ ಬೆರಳಾಡಿಸಿದ, ಬಿರುಕಿರಲಿಲ್ಲ. ಎರಡೂ ಗಾಲಿ ತಿರುಗಿಸಿದ, ನೆಟ್ಟಗಿದ್ದವು. ಅಂಗಿ ಸಹ ಹರಿದಿರಲಿಲ್ಲ. ಪೆಡಲಿನ ಮೇಲೆ ಕಾಲಿಡಲು ಹೋದಾಗ ಮಾತ್ರ ತಡವರಿಸಿ ಕೆಳಗೆ ನೋಡಿದ. ಬೀಳದಿರಲೆಂದು ಚರಂಡಿಯ ಕಲ್ಲಿಗೆ ಒತ್ತಿ ಹಿಡಿದಿದ್ದ ಎಡಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು.